ನೆರೆಯವರ ಧಾರಾವಾಹಿ, ನಮ್ಮ ಪೇಟೆ: ಡಬ್ಬಿಂಗ್ ಪ್ರಕರಣವು ವರ್ತಕ ಸಂಘಗಳಿಗೆ ಕಲಿಸುವ ಪಾಠ

ಗ್ರಾಹಕನು ತನ್ನ ಊರಿನಲ್ಲಿ ತಯಾರಾದ ಸರಕನ್ನೇ ಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಹಿಡಿಸಿದರೆ ನೆರೆಯೂರಿನದನ್ನೂ ಕೊಳ್ಳುತ್ತಾನೆ, ಹೊರದೇಶದ್ದನ್ನೂ ಕೊಳ್ಳುತ್ತಾನೆ. ಧಾನ್ಯ, ಬಟ್ಟೆ, ಯಂತ್ರೋಪಕರಣಗಳಿಗೆ ಅನ್ವಯವಾಗುವ ಈ ಮಾತು ಮನರಂಜನೆಯ ಸರಕಿಗೂ ಅಷ್ಟೇ ಸತ್ಯ. ದೂರದರ್ಶನದ ಧಾರಾವಾಹಿಯೂ ಒಂದು ಸರಕೇ ಆಗಿದೆ. ಅದಕ್ಕೆ ತಯಾರಕನಿದ್ದಾನೆ, ಸಗಟು ಕೊಳ್ಳುವವನಿದ್ದಾನೆ, ಬಳಕೆದಾರನಿದ್ದಾನೆ. ಅದರ ಸುತ್ತ ಸಂಘಗಳಿವೆ, ಠರಾವುಗಳಿವೆ, ಬಹಿಷ್ಕಾರಗಳೂ ಇವೆ. ಆದ್ದರಿಂದ ಈ ಉದ್ಯಮದಲ್ಲಿ ನಡೆದ ಒಂದು ವಿವಾದವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ನೇರವಾಗಿ ಸಂಬಂಧಿಸಿದ್ದಾಗಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಪ್ರೇಕ್ಷಕ, ಬ್ರಿಟನ್ನಿನ ಸರಕು

ಚಲನಚಿತ್ರ ಮತ್ತು ದೂರದರ್ಶನ ಕಾರ್ಯಕ್ರಮಗಳನ್ನು ಜಗತ್ತಿಗೆಲ್ಲ ಮಾರುವ ದೇಶ ಅಮೆರಿಕ. ಆದರೂ ಅಲ್ಲಿನ ಪ್ರೇಕ್ಷಕರಿಗೆ ಬ್ರಿಟನ್ನಿನ ಧಾರಾವಾಹಿಗಳ ಮೇಲೆ ವಿಶೇಷ ಒಲವು. 1971ರ ಜನವರಿಯಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರ ಜಾಲವಾದ ಪಿಬಿಎಸ್, 'ಮಾಸ್ಟರ್‌ಪೀಸ್ ಥಿಯೇಟರ್' ಎಂಬ ಹೆಸರಿನಲ್ಲಿ ಬ್ರಿಟಿಷ್ ಧಾರಾವಾಹಿಗಳ ಪ್ರಸಾರವನ್ನು ಆರಂಭಿಸಿತು. ಇದಕ್ಕೆ ಹಣ ಒದಗಿಸಿದ್ದು ಮೊಬಿಲ್ ಎಂಬ ತೈಲ ಕಂಪನಿ. ಮುಂದೆ ಎಕ್ಸಾನ್‌ಮೊಬಿಲ್ ಆದ ಈ ಕಂಪನಿ 2004ರವರೆಗೆ, ಅಂದರೆ ಮೂರು ದಶಕಗಳಿಗೂ ಮೀರಿ, ಪ್ರಾಯೋಜಕತ್ವವನ್ನು ಮುಂದುವರಿಸಿತು. ಪೆಟ್ರೋಲ್ ಮಾರುವ ಸಂಸ್ಥೆಯೊಂದು ಸುಶಿಕ್ಷಿತ ವರ್ಗದ ಮನೆಗಳಲ್ಲಿ ತನ್ನ ಹೆಸರು ಗೌರವದಿಂದ ಕೇಳಿಬರಲೆಂದು ಮಾಡಿದ ವೆಚ್ಚವಿದು. ಅದೇ ವೇದಿಕೆಯಲ್ಲಿ 2011ರಲ್ಲಿ ಆರಂಭವಾದ 'ಡೌನ್‌ಟನ್ ಆ್ಯಬಿ' ಅಮೆರಿಕದಾದ್ಯಂತ ಮನೆಮಾತಾಯಿತು.

ಬ್ರಿಟನ್ನಿನ ತಯಾರಕರು ತಮ್ಮ ಸರಕನ್ನು ಎರಡು ರೀತಿಯಲ್ಲಿ ಮಾರಿದರು. ಸಿದ್ಧವಾದ ಧಾರಾವಾಹಿಯನ್ನು ಇದ್ದಂತೆಯೇ ಮಾರುವುದು ಒಂದು. ಅಚ್ಚನ್ನು ಮಾತ್ರ ಪರವಾನಗಿಯ ಮೇಲೆ ಕೊಟ್ಟು, ಅಲ್ಲಿನವರೇ ತಮ್ಮ ನಟರೊಡನೆ ತಯಾರಿಸಿಕೊಳ್ಳಲು ಬಿಡುವುದು ಇನ್ನೊಂದು. ಬಿಬಿಸಿಯ 'ಟಿಲ್ ಡೆತ್ ಅಸ್ ಡೂ ಪಾರ್ಟ್' ಅಮೆರಿಕದಲ್ಲಿ 1971ರಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಆಯಿತು. 2001ರ 'ದಿ ಆಫೀಸ್' 2005ರಲ್ಲಿ ಅಮೆರಿಕದ ರೂಪ ತಳೆದು 2013ರವರೆಗೆ ನಡೆಯಿತು. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಮರುವರ್ಷ ಅಮೆರಿಕಕ್ಕೆ ಹೋಯಿತು. 2000ದಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯಾಗಿ ಭಾರತಕ್ಕೆ ಬಂದಿತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ 'ಕನ್ನಡದ ಕೋಟ್ಯಧಿಪತಿ'ಯಾಗಿ ನಮ್ಮ ಮನೆಗಳನ್ನು ತಲುಪಿತು. ಒಂದೇ ಅಚ್ಚಿನಿಂದ ಎಷ್ಟು ಸರಕು ಎಂಬುದನ್ನು ಉದ್ಯಮಿಗಳು ಗಮನಿಸಬೇಕು.

ಇದರ ಹಿಂದೆ ಒಂದು ಶಾಸನವೂ ಇದೆ. 2003ರ ಬ್ರಿಟಿಷ್ ಸಂವಹನ ಕಾಯ್ದೆಯ ನಂತರ ಬಂದ ನೀತಿಸಂಹಿತೆಗಳ ಪ್ರಕಾರ, ಸ್ವತಂತ್ರ ನಿರ್ಮಾಪಕನು ವಾಹಿನಿಗಾಗಿ ಕಾರ್ಯಕ್ರಮ ತಯಾರಿಸಿಕೊಟ್ಟರೂ ಅದರ ಇತರೆ ಹಕ್ಕುಗಳು ನಿರ್ಮಾಪಕನಲ್ಲಿಯೇ ಉಳಿಯುವಂತಾಯಿತು. ಬರಿಯ ಜಾಬ್ ವರ್ಕ್ ಮಾಡಿಕೊಡುತ್ತಿದ್ದವನು ಮಾಲೀಕನಾದನು. ಮಾಲೀಕನಾದ ಮೇಲೆ ಹೊರದೇಶಗಳ ಪೇಟೆಯನ್ನು ತಾನೇ ಹುಡುಕಿಕೊಂಡನು.

ನಮ್ಮ ಸೀಮೆಯ ಪ್ರೇಕ್ಷಕ

ಈಗ ನಮ್ಮ ಕಡೆಗೆ ಬರೋಣ. ನಮ್ಮ ತಾಲ್ಲೂಕುಗಳ ಜನರಿಗೆ ನೆರೆಭಾಷೆಯ ಮನರಂಜನೆ ಹೊಸದಲ್ಲ. 1953ರ ಅಕ್ಟೋಬರ್ 1ರವರೆಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ರಾಯದುರ್ಗ, ಆಲೂರು, ಆದವಾನಿಗಳೂ ಅಂದು ಅದೇ ಜಿಲ್ಲೆಯಲ್ಲಿದ್ದವು. ಧರ್ಮವರಂ ರಾಮಕೃಷ್ಣಮಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ಬಳ್ಳಾರಿಯಲ್ಲಿ ನಾಟಕ ಸಭೆಗಳನ್ನು ಕಟ್ಟಿ ತೆಲುಗು ರಂಗಭೂಮಿಯನ್ನು ಬೆಳೆಸಿದರು. ಬಳ್ಳಾರಿ ರಾಘವರು ತೆಲುಗು, ಕನ್ನಡ ಎರಡೂ ಭಾಷೆಗಳ ಪ್ರೇಕ್ಷಕರಿಗೆ ಬೇಕಾದ ನಟರಾಗಿದ್ದರು. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ಅವರು ಕಟ್ಟಿದ ರಂಗಭಾರತಿಯು ಕನ್ನಡ ರಂಗಭೂಮಿಗೆ ಸಲ್ಲಿಸಿದ ಸೇವೆ ಎಲ್ಲರಿಗೂ ತಿಳಿದದ್ದೇ ಆಗಿದೆ. ಒಂದು ಭಾಷೆಯ ನಾಟಕ ನೋಡಿದ ಮಾತ್ರಕ್ಕೆ ಇನ್ನೊಂದರ ನಾಟಕ ಇಲ್ಲಿ ಸೊರಗಲಿಲ್ಲ.

1987ರಲ್ಲಿ ರಮಾನಂದ ಸಾಗರರ 'ರಾಮಾಯಣ', 1988ರಲ್ಲಿ ಬಿ.ಆರ್. ಚೋಪ್ರಾರ 'ಮಹಾಭಾರತ' ದೂರದರ್ಶನದಲ್ಲಿ ಬಂದಾಗ ಹಿಂದಿ ಬಾರದ ನಮ್ಮ ಹಿರಿಯರೂ ಕಥೆ ತಿಳಿದಿದ್ದುದರಿಂದ ನೋಡಿದರು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಬಂದವು. ಉದಯ ಟಿವಿಯದು ಚೆನ್ನೈನ ಬಂಡವಾಳ, ಈಟಿವಿಯದು ಹೈದರಾಬಾದಿನ ಬಂಡವಾಳ. ಆದರೆ ನೆರೆಭಾಷೆಯ ಒಳ್ಳೆಯ ಕಾರ್ಯಕ್ರಮವನ್ನು ಕನ್ನಡದ ಮಾತಿನಲ್ಲಿ ಕೇಳುವ ಅವಕಾಶ ಮಾತ್ರ ಇರಲಿಲ್ಲ. ಬೇಕೆಂದವರು ತೆಲುಗಿನಲ್ಲಿಯೋ ಹಿಂದಿಯಲ್ಲಿಯೋ ನೋಡಬೇಕಾಗಿತ್ತು. ಅಮೆರಿಕದ ಪ್ರೇಕ್ಷಕನಿಗೆ ಈ ತೊಡಕಿಲ್ಲ, ಬ್ರಿಟನ್ನಿನ ಭಾಷೆಯೇ ಅವನ ಭಾಷೆ.

ಬೇಲಿ ಹಾಕಿದ ಕಥೆ

1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರ ಮುಂದಾಳುತನದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಅಂದಿನ ಪರಿಸ್ಥಿತಿಯಲ್ಲಿ ಅದಕ್ಕೆ ಬಲವಾದ ಕಾರಣಗಳಿದ್ದವು. ಕನ್ನಡ ಚಿತ್ರೋದ್ಯಮ ಇನ್ನೂ ಎಳೆಯದು. ಚಿತ್ರೀಕರಣಕ್ಕೆ ಮದರಾಸನ್ನೇ ಅವಲಂಬಿಸಬೇಕಾಗಿತ್ತು. ಹೊಸ ಉದ್ಯಮ ಬೇರೂರುವವರೆಗೆ ರಕ್ಷಣೆ ಬೇಕೆಂಬುದು ಅರ್ಥಶಾಸ್ತ್ರದಲ್ಲಿಯೂ ಒಪ್ಪಿತವಾದ ವಾದವೇ. ಆ ರಕ್ಷಣೆಯಿಂದ ಕಲಾವಿದರಿಗೂ ತಂತ್ರಜ್ಞರಿಗೂ ಉದ್ಯೋಗ ದೊರಕಿತೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಇದಕ್ಕಾಗಿ ಯಾವ ಕಾನೂನೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಬೇಲಿ ನಿಂತಿದ್ದು ಉದ್ಯಮದ ಸಂಘಗಳ ಒಮ್ಮತದ ಮೇಲೆ. ಕಾಲಮಿತಿಯನ್ನೂ ಯಾರೂ ನಿಗದಿಪಡಿಸಲಿಲ್ಲ. ಡಬ್ಬಿಂಗ್ ನಿಂತಿತು, ರೀಮೇಕ್ ನಿಲ್ಲಲಿಲ್ಲ. ಹಿಂದಿಯ 'ಬಾಲಿಕಾ ವಧು' ಕನ್ನಡದಲ್ಲಿ 'ಪುಟ್ಟಗೌರಿ ಮದುವೆ'ಯಾಯಿತು. ಮರಾಠಿಯ 'ತುಲಾ ಪಾಹತೇ ರೇ' ಮುಂದೆ 2019ರಲ್ಲಿ 'ಜೊತೆ ಜೊತೆಯಲಿ' ಆಯಿತು. ಹೊರಗಿನ ಅಚ್ಚಿಗೆ ಪ್ರವೇಶವಿತ್ತು, ಸಿದ್ಧ ಸರಕಿಗೆ ಇರಲಿಲ್ಲ.

2012ರ ಮೇ 6ರಂದು ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಆರಂಭವಾಯಿತು. ಹೆಣ್ಣು ಭ್ರೂಣಹತ್ಯೆಯಂತಹ ಸಾಮಾಜಿಕ ವಿಷಯಗಳ ಆ ಕಾರ್ಯಕ್ರಮ ತೆಲುಗು, ತಮಿಳು, ಮಲಯಾಳಂ, ಮರಾಠಿ, ಬಂಗಾಳಿಗಳಲ್ಲಿ ಪ್ರಸಾರವಾಯಿತು. ವಿರೋಧದ ಕಾರಣ ಕನ್ನಡದಲ್ಲಿ ಮಾತ್ರ ಪ್ರಸಾರವಾಗಲಿಲ್ಲ. ಗ್ರಾಹಕನ ಪ್ರಶ್ನೆ ಇಲ್ಲಿಂದ ಗಟ್ಟಿಯಾಗಿ ಕೇಳಿಬರತೊಡಗಿತು.

ಸ್ಪರ್ಧಾ ಆಯೋಗದ ಆದೇಶ

ಕನ್ನಡ ಗ್ರಾಹಕರ ಕೂಟವು ಅದೇ ವರ್ಷ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ನೀಡಿತು. 2002ರ ಸ್ಪರ್ಧಾ ಕಾಯ್ದೆಯ 3ನೆಯ ಪ್ರಕರಣದ ಮೇರೆಗೆ, ಸಮಾನ ವ್ಯವಹಾರದಲ್ಲಿರುವವರು ಅಥವಾ ಅವರ ಸಂಘಗಳು ಸೇರಿ ಬೆಲೆ ನಿಗದಿಪಡಿಸುವುದು, ಸರಬರಾಜನ್ನೂ ಮಾರುಕಟ್ಟೆಯನ್ನೂ ನಿಯಂತ್ರಿಸುವುದು, ಪೇಟೆಯನ್ನು ಹಂಚಿಕೊಳ್ಳುವುದು, ಟೆಂಡರುಗಳಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದು ಸ್ಪರ್ಧೆಗೆ ಹಾನಿಕರವೆಂದೇ ಕಾನೂನು ಊಹಿಸುತ್ತದೆ. ಹಾನಿಯಾಗಿಲ್ಲವೆಂದು ತೋರಿಸುವ ಹೊಣೆ ಸಂಘದ್ದಾಗುತ್ತದೆ.

2015ರ ಜುಲೈ 27ರಂದು ಆಯೋಗವು ಆದೇಶ ನೀಡಿತು. ಡಬ್ಬಿಂಗ್ ಕಾರ್ಯಕ್ರಮಗಳಿಗೆ ಅಡ್ಡಿಪಡಿಸುವುದು ಕಾಯ್ದೆಯ ಉಲ್ಲಂಘನೆಯೆಂದು ತೀರ್ಮಾನಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಸುಮಾರು 16.82 ಲಕ್ಷ, ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ನಿಗೆ ಸುಮಾರು 1.74 ಲಕ್ಷ, ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘಕ್ಕೆ ಸುಮಾರು 1.68 ಲಕ್ಷ ರೂಪಾಯಿ ದಂಡ ವಿಧಿಸಿತು. ಸಂಘಗಳ ಸರಾಸರಿ ಆದಾಯದ ಶೇ. 10ರ ಲೆಕ್ಕದಲ್ಲಿ ಈ ಮೊತ್ತ ನಿಗದಿಯಾಗಿತ್ತು. ಮೊತ್ತಗಳು ದೊಡ್ಡವೇನಲ್ಲ. ಆದರೆ ಲಾಭಕ್ಕಾಗಿ ವ್ಯಾಪಾರ ಮಾಡದ ಸಂಘವೊಂದು ತನ್ನ ಸದಸ್ಯ ಶುಲ್ಕದ ಆದಾಯದಿಂದ ದಂಡ ತೆರಬೇಕಾಗಬಹುದು ಎಂಬುದು ಇದರಿಂದ ಸ್ಪಷ್ಟವಾಯಿತು.

ಬಂಗಾಳದಲ್ಲಿಯೂ ಇಂತಹುದೇ ಪ್ರಕರಣ ನಡೆದಿತ್ತು. ಹಿಂದಿ 'ಮಹಾಭಾರತ'ದ ಬಂಗಾಳಿ ಡಬ್ಬಿಂಗ್ ಪ್ರಸಾರವನ್ನು ಅಲ್ಲಿನ ಕಲಾವಿದರ ಮತ್ತು ತಂತ್ರಜ್ಞರ ಸಮನ್ವಯ ಸಮಿತಿ ವಿರೋಧಿಸಿತ್ತು. ತಾನು ಕಾರ್ಮಿಕರ ಸಂಘಟನೆಯೆಂದೂ, ಈ ಕಾಯ್ದೆ ತನಗೆ ಅನ್ವಯಿಸದೆಂದೂ ಅದು ವಾದಿಸಿತು. 2017ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಸಮಿತಿಯೊಳಗೆ ವ್ಯಾಪಾರಸ್ಥರ ಸಂಘವೂ ಸೇರಿರುವುದರಿಂದ ಕಾಯ್ದೆ ಅನ್ವಯಿಸುತ್ತದೆಂದು ಹೇಳಿತು.

ಬೇಲಿ ತೆಗೆದ ಮೇಲೆ

2017ರ ಮಾರ್ಚ್‌ನಲ್ಲಿ ತಮಿಳಿನಿಂದ ಡಬ್ ಆದ 'ಸತ್ಯದೇವ್ ಐಪಿಎಸ್' ಬಿಡುಗಡೆಯಾಯಿತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು ವಾಹಿನಿಗಳಿಗೆ ಹೊಸ ಸಂಚಿಕೆಗಳೇ ಇಲ್ಲದಾದಾಗ, ಸ್ಟಾರ್ ಸುವರ್ಣ 'ಮಹಾಭಾರತ'ವನ್ನು ಕನ್ನಡದ ಮಾತಿನಲ್ಲಿ ಪ್ರಸಾರ ಮಾಡಿತು. ಜೀ ಕನ್ನಡದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಜೀವನದ 'ಮಹಾನಾಯಕ' ಆರಂಭವಾಯಿತು. ಅನೇಕ ಹಳ್ಳಿಗಳಲ್ಲಿ ಜನರೇ ಖರ್ಚು ಹಾಕಿ ಆ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು. ಧಾರಾವಾಹಿಯನ್ನು ನೋಡಿರೆಂದು ಪ್ರೇಕ್ಷಕನೇ ಹಣ ಕೊಟ್ಟು ಪ್ರಚಾರ ಮಾಡುವುದು ಯಾವ ವ್ಯಾಪಾರದಲ್ಲಿಯೂ ಅಪರೂಪ.

ಇದರ ಖರ್ಚಿನ ಬಾಬ್ತನ್ನೂ ಬರೆಯಬೇಕು. ಡಬ್ಬಿಂಗ್ ಧಾರಾವಾಹಿಗೆ ಕಂಠದಾನ ಕಲಾವಿದರೂ ಸಂಭಾಷಣೆಕಾರರೂ ಸಾಕು. ಸೆಟ್ಟು, ಬೆಳಕು, ವಸ್ತ್ರಾಲಂಕಾರ, ಊಟೋಪಚಾರಗಳ ಕೆಲಸ ಇಲ್ಲಿ ಹುಟ್ಟುವುದಿಲ್ಲ. ದಿನಗೂಲಿಯ ತಂತ್ರಜ್ಞರ ಆತಂಕ ಸುಳ್ಳಲ್ಲ. ಆದರೆ ಜಮೆಯ ಬಾಬ್ತು ಇನ್ನೊಂದು ದಿಕ್ಕಿನಿಂದ ಬಂದಿತು. 2018ರ ಡಿಸೆಂಬರ್‌ನಲ್ಲಿ 'ಕೆಜಿಎಫ್' ಐದು ಭಾಷೆಗಳಲ್ಲಿ ತೆರೆಕಂಡಿತು. 2022ರಲ್ಲಿ ಮೊದಲು ಕನ್ನಡದಲ್ಲಿ ಮಾತ್ರ ಬಂದ 'ಕಾಂತಾರ', ಎರಡು ವಾರಗಳಲ್ಲಿ ಹಿಂದಿಗೆ ಡಬ್ ಆಗಿ ಉತ್ತರ ಭಾರತವನ್ನು ತಲುಪಿತು. ಡಬ್ಬಿಂಗನ್ನು ಆಮದು ಎಂದಷ್ಟೇ ಎಣಿಸಿದ್ದ ಉದ್ಯಮಕ್ಕೆ ಅದೇ ರಫ್ತಿನ ಹಾದಿಯಾಯಿತು. ಬೇರೆಯವರ ಭಾಷೆಯಲ್ಲಿ ನಮ್ಮ ಸರಕು ಮಾರಾಟವಾಗಲಿ, ನಮ್ಮ ಭಾಷೆಯಲ್ಲಿ ಅವರ ಸರಕು ಬೇಡ ಎಂದರೆ ಅದು ನ್ಯಾಯವಾದ ವ್ಯವಹಾರವಾಗದು.

ನಮ್ಮ ಸದಸ್ಯರು ಗಮನಿಸಬೇಕಾದ ಅಂಶಗಳು

ದಂಡ ತೆತ್ತ ಸಂಸ್ಥೆಯ ಹೆಸರಿನಲ್ಲಿಯೂ 'ವಾಣಿಜ್ಯ ಮಂಡಳಿ' ಎಂಬ ಮಾತೇ ಇದೆ. ನಮ್ಮ ಊರುಗಳಲ್ಲಿ ದಲಾಲರ ಸಂಘ, ಕಿರಾಣಿ ವರ್ತಕರ ಸಂಘ, ಇಟ್ಟಿಗೆ ತಯಾರಕರ ಸಂಘ, ಔಷಧ ವ್ಯಾಪಾರಿಗಳ ಸಂಘ, ಲಾರಿ ಮಾಲೀಕರ ಸಂಘಗಳಿವೆ. ಅವುಗಳ ಪದಾಧಿಕಾರಿಗಳು ಕೆಳಗಿನ ಅಂಶಗಳನ್ನು ದಯವಿಟ್ಟು ಪರಿಶೀಲಿಸಬೇಕು.

1. ಠರಾವು ಪುಸ್ತಕ: 'ಇಷ್ಟಕ್ಕಿಂತ ಕಡಿಮೆ ದರಕ್ಕೆ ಯಾರೂ ಮಾರಬಾರದು', 'ಹೊರಗಿನ ಸರಬರಾಜುದಾರರಿಂದ ಮಾಲು ತರಿಸಿದರೆ ಸದಸ್ಯತ್ವ ರದ್ದು' ಎಂಬಂತಹ ಠರಾವುಗಳು ಸಂಘದ ವಿರುದ್ಧ ಸಾಕ್ಷ್ಯವಾಗುತ್ತವೆ. ಬರವಣಿಗೆಯಲ್ಲಿ ಇಲ್ಲದ ಬಾಯಿಮಾತಿನ ಒಪ್ಪಂದವೂ ಕಾಯ್ದೆಯ ದೃಷ್ಟಿಯಲ್ಲಿ ಒಪ್ಪಂದವೇ ಆಗಿದೆ.

2. ನಿರಾಕ್ಷೇಪಣಾ ಪತ್ರ: ಹೊಸ ಮಾರಾಟಗಾರನ ನೇಮಕಕ್ಕೆ ಸಂಘದ ಪತ್ರ ಕಡ್ಡಾಯವೆಂಬ ಪದ್ಧತಿಯನ್ನು ಔಷಧ ವ್ಯಾಪಾರಿಗಳ ಸಂಘಗಳಿಗೆ ಸಂಬಂಧಿಸಿದ ಹಲವು ಪ್ರಕರಣಗಳಲ್ಲಿ ಆಯೋಗ ತಪ್ಪೆಂದು ಹೇಳಿದೆ.

3. ಪದಾಧಿಕಾರಿಗಳ ಹೊಣೆ: ಕಾಯ್ದೆಯ 48ನೆಯ ಪ್ರಕರಣದಂತೆ ಸಂಸ್ಥೆಯ ಉಸ್ತುವಾರಿ ಹೊತ್ತವರನ್ನೂ ವೈಯಕ್ತಿಕವಾಗಿ ಹೊಣೆಗಾರರನ್ನಾಗಿ ಮಾಡಬಹುದು. 2023ರ ತಿದ್ದುಪಡಿಯ ನಂತರ ದಂಡದ ನಿಯಮಗಳು ಇನ್ನಷ್ಟು ಬಿಗಿಯಾಗಿವೆ.

4. ಮಾಡಬಹುದಾದದ್ದು: ಸರ್ಕಾರಕ್ಕೆ ಮನವಿ ಸಲ್ಲಿಸುವುದು, ತೆರಿಗೆ ಮತ್ತು ಸಾಲ ಸೌಲಭ್ಯಗಳ ಬಗ್ಗೆ ಅಹವಾಲು ಹೇಳುವುದು, ಗುಣಮಟ್ಟ ಸುಧಾರಣೆಗೆ ತರಬೇತಿ ನಡೆಸುವುದು, ಗ್ರಾಹಕರಿಗೆ ಸ್ಥಳೀಯ ಸರಕಿನ ಹಿರಿಮೆ ತಿಳಿಸುವುದು, ಇವು ಯಾವುವಕ್ಕೂ ಅಡ್ಡಿಯಿಲ್ಲ. ಬೇಡವೆಂದು ವಿನಂತಿಸಬಹುದು, ತಡೆಯಬಾರದು.

5. ಹೆಸರಿನ ರಕ್ಷಣೆ: ಬ್ರಿಟನ್ನಿನ ಜನಪ್ರಿಯ ಅಡುಗೆ ಸ್ಪರ್ಧೆ 'ಬೇಕ್ ಆಫ್' ಅಮೆರಿಕದಲ್ಲಿ ಆ ಹೆಸರಿನಿಂದ ಬರಲಾಗಲಿಲ್ಲ. ಪಿಲ್ಸ್‌ಬರಿ ಎಂಬ ಹಿಟ್ಟಿನ ಬ್ರ್ಯಾಂಡಿನವರು ಆ ಪದವನ್ನು ಮೊದಲೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದ್ದರು. ಅಲ್ಲಿ ಅದು 'ಬೇಕಿಂಗ್ ಶೋ' ಆಯಿತು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು ನಮ್ಮ ಸೀಮೆಯ ಭಾಗ್ಯ. ಅದರ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ಬೆಳೆಗಾರರೂ ವರ್ತಕರೂ ಹೆಚ್ಚಬೇಕು. ನಿಮ್ಮ ಅಂಗಡಿ, ಪುಡಿ, ಎಣ್ಣೆಗಳ ಹೆಸರನ್ನೂ ನೋಂದಾಯಿಸಿಕೊಳ್ಳಿರಿ.

6. ಹಕ್ಕಿನ ಬರವಣಿಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದು ಅರ್ಥ. ಲೇಬಲ್ ವಿನ್ಯಾಸ, ಜಾಹೀರಾತು ಚಿತ್ರ, ಜಾತ್ರೆಯ ನಾಟಕದ ಧ್ವನಿಮುದ್ರಣ, ಎಲ್ಲಕ್ಕೂ ಇದು ಅನ್ವಯ. ಹೊರದೇಶದ ವಿನ್ಯಾಸವನ್ನು ಪರವಾನಗಿಯ ಮೇಲೆ ಬಳಸುವವರು ರಾಯಧನದ ಮೇಲಿನ ತೆರಿಗೆ ಕಡಿತವನ್ನೂ, ರಿವರ್ಸ್ ಚಾರ್ಜ್ ಮೇರೆಗಿನ ಜಿಎಸ್‌ಟಿಯನ್ನೂ ಪಾವತಿಗೆ ಮುನ್ನವೇ ಲೆಕ್ಕ ಹಾಕಿಕೊಳ್ಳಬೇಕು.

ರಕ್ಷಣೆ ಕೇಳುವುದು ಯಾವ ಉದ್ಯಮಕ್ಕೂ ಅವಮಾನವಲ್ಲ. ಅದನ್ನು ಸರ್ಕಾರದಿಂದ, ಕಾನೂನಿನ ಮೂಲಕ, ಕಾಲಮಿತಿಗೆ ಒಳಪಟ್ಟು ಕೇಳಬೇಕು. ಸಂಘದ ಬಲದಿಂದ ಗ್ರಾಹಕನ ಆಯ್ಕೆಯನ್ನು ತಡೆದರೆ ಅವನು ತೆಲುಗು ವಾಹಿನಿ ಹುಡುಕಿದಂತೆ ಇನ್ನೊಂದು ಪೇಟೆಯನ್ನು ಹುಡುಕಿಕೊಳ್ಳುತ್ತಾನೆ. ಆದಕಾರಣ ಪ್ರತಿಯೊಂದು ಸಂಘವೂ ಮುಂದಿನ ವಾರ್ಷಿಕ ಮಹಾಸಭೆಗೆ ಮುನ್ನ ತನ್ನ ಉಪನಿಯಮಗಳನ್ನೂ ಹಳೆಯ ಠರಾವುಗಳನ್ನೂ ಒಮ್ಮೆ ಓದಿಸಿ, ಆಕ್ಷೇಪಾರ್ಹವಾದವುಗಳನ್ನು ರದ್ದುಪಡಿಸಿ, ಆ ರದ್ದತಿಯನ್ನೂ ನಡವಳಿ ಪುಸ್ತಕದಲ್ಲಿ ದಾಖಲಿಸುವುದು ಕ್ಷೇಮಕರ.