ಚೊಗರಿನ ಬಣ್ಣ, ಬಾವಿಯ ನೀರು

ಸಾಗರ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ಕಡಲು ಸೇರುತ್ತದೆ. ಒಂದು ಪಾಲು ಶರಾವತಿಯ ಜೊತೆ ಲಿಂಗನಮಕ್ಕಿಗೆ ಇಳಿದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಇನ್ನೊಂದು ಪಾಲು ವರದಾಮೂಲದಿಂದ ಹೊರಟ ವರದೆಯಲ್ಲಿ ಬನವಾಸಿಯನ್ನು ಬಳಸಿ, ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಂಥ ನೀರಿನ ನೆತ್ತಿಯಲ್ಲಿ ಕೂತು ನೂಲಿಗೆ ಬಣ್ಣ ಅದ್ದುವ ಕಸುಬು ಶುರುಮಾಡುತ್ತೇನೆ ಎಂದು ಯಾರಾದರೂ ಹೊರಟರೆ ‘ಬೇಡ ಮಾರಾಯ’ ಎನ್ನುವುದೇ ವಿವೇಕ. ಆದರೂ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ, 1990ರ ದಶಕದ ನಡುವಿನಲ್ಲಿ ಅಂಥದೊಂದು ಕಸುಬು ಶುರುವಾಯಿತು. ಅದರ ಹೆಸರು ‘ಚರಕ’.

ಚರಕ ಮಹಿಳೆಯರ ಸಹಕಾರ ಸಂಘ. ಇದನ್ನು ಕಟ್ಟಲು ಮುಂದಾದವರು ರಂಗನಿರ್ದೇಶಕ ಪ್ರಸನ್ನ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಎಪ್ಪತ್ತರ ದಶಕದಲ್ಲಿ ‘ಸಮುದಾಯ’ ತಂಡವನ್ನು ಹುಟ್ಟುಹಾಕಿದವರು ನೂಲು, ಮಗ್ಗದ ಕಡೆ ತಿರುಗಿದ್ದು ಆಗ ಹಲವರಿಗೆ ಸೋಜಿಗ. ಹೆಗ್ಗೋಡಿಗೆ ಮಾತ್ರ ಇಂಥ ಸೋಜಿಗಗಳು ಹೊಸತಲ್ಲ. 1949ರಲ್ಲಿ ಹುಟ್ಟಿದ ಇಲ್ಲಿನ ರಂಗಸಂಸ್ಥೆ ನೀನಾಸಮ್ ಅಡಿಕೆ ತೋಟಗಳ ನಡುವೆಯೇ ಕುರೊಸಾವನ ಸಿನಿಮಾವನ್ನೂ ಷೇಕ್ಸ್‌ಪಿಯರನ ನಾಟಕವನ್ನೂ ಊರವರಿಗೆ ತೋರಿಸಿದೆ. ನೇಕಾರಿಕೆ ಮಾತ್ರ ಈ ಸೀಮೆಯ ಹಳೆಯ ಕಸುಬಲ್ಲ. ಮಗ್ಗದ ಸದ್ದು ಕೇಳಬೇಕಾದರೆ ಇಳಕಲ್ಲಿಗೋ ಗುಳೇದಗುಡ್ಡಕ್ಕೋ ಮೊಳಕಾಲ್ಮುರಿಗೋ ಹೋಗಬೇಕಿತ್ತು. ಇಲ್ಲಿನ ಹೆಂಗಸರು ಹೊಸದಾಗಿ ಕಲಿತರು: ನೂಲಿಗೆ ಬಣ್ಣ ಹಾಕುವುದು, ನೇಯುವುದು, ಅಚ್ಚು ಒತ್ತುವುದು, ಹೊಲಿಯುವುದು. ಮಾರಾಟಕ್ಕೆ ‘ದೇಸಿ’ ಹೆಸರಿನ ಅಂಗಡಿಗಳು ಬಂದವು. ಬೆಂಗಳೂರಿನ ಸಾಹಿತ್ಯ ಸಭೆಗಳಲ್ಲಿ ಎದುರಾಗುವ ಮಾಸಲು ಕಂದು, ಮಾಸಲು ಹಸಿರು ಜುಬ್ಬಾಗಳಲ್ಲಿ ಒಳ್ಳೆಯ ಪಾಲು ಅಲ್ಲಿಂದಲೇ ಬಂದದ್ದು.

ಆ ಕಂದು ಬಣ್ಣದ ಹಿಂದೆ ಮಲೆನಾಡಿನ ಅಡಿಕೆ ಮನೆಯ ಅಂಗಳವಿದೆ. ಕೊಯ್ಲಿನ ತಿಂಗಳುಗಳಲ್ಲಿ ಹಸಿ ಅಡಿಕೆಯನ್ನು ಮೆಟ್ಟುಗತ್ತಿಯಲ್ಲಿ ಸುಲಿದು, ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಮೊದಲ ಒಬ್ಬೆ ಬೆಂದ ನೀರನ್ನು ಚೆಲ್ಲುವುದಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಅದೇ ನೀರು. ಬೇಯಿಸಿದಷ್ಟೂ ಅದು ಗಟ್ಟಿಯಾಗಿ, ಕೆಂಪೇರಿ, ಕೊನೆಗೆ ಪಾಕದ ಹದಕ್ಕೆ ಬರುತ್ತದೆ. ಇದೇ ಚೊಗರು. ಕೆಂಪಡಿಕೆಗೆ ಬಣ್ಣ, ಹೊಳಪು ಬರುವುದು ಇದರಿಂದ. ಬೇಯಿಸುವವರ ಕೈಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಬಿಳಿ ಪಂಚೆಗೆ ಸಿಡಿದರಂತೂ ಆ ಪಂಚೆ ಮುಂದೆ ತೋಟಕ್ಕೇ ಮೀಸಲು. ಇಷ್ಟು ಬಿಡದೆ ಹಿಡಿಯುವ ವಸ್ತುವನ್ನು ಬೇಕೆಂದೇ ಬಟ್ಟೆಗೆ ಹಿಡಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯಿಂದ ಚೊಗರಿನ ಬಟ್ಟೆ ಹುಟ್ಟುತ್ತದೆ.

ಹತ್ತಿಯ ನೂಲಿಗೆ ಬಣ್ಣ ಸುಮ್ಮನೆ ಅಂಟುವುದಿಲ್ಲ, ನಡುವೆ ಒಬ್ಬ ದಲ್ಲಾಳಿ ಬೇಕು. ಪಟಿಕ ಆ ಕೆಲಸ ಮಾಡಿದರೆ ಚೊಗರು ಬೆಚ್ಚನೆಯ ಕೆಂಗಂದಾಗಿ ಕೂರುತ್ತದೆ, ಅನ್ನಭೇದಿ ಮಾಡಿದರೆ ಬೂದಿಗೋ ಕಪ್ಪಿಗೋ ತಿರುಗುತ್ತದೆ. ಒಂದೇ ಹಂಡೆಯ ಚೊಗರಿನಿಂದ ಹೀಗೆ ಹಲವು ಛಾಯೆಗಳು. ದಾಳಿಂಬೆ ಸಿಪ್ಪೆ ಹಳದಿ ಕೊಡುತ್ತದೆ, ಮಂಜಿಷ್ಠದ ಬೇರು ಕೆಂಪು. ನೀಲಿಯ ವ್ಯವಹಾರ ಇವೆಲ್ಲಕ್ಕಿಂತ ಬೇರೆ. ನೀಲಿ ನೀರಿನಲ್ಲಿ ಕರಗುವುದೇ ಇಲ್ಲ. ಸುಣ್ಣ, ಬೆಲ್ಲ ಹಾಕಿ ಹುದುಗಿಸಿದರೆ ಕರಗಿ ಹಸಿರು-ಹಳದಿಯಾಗುತ್ತದೆ. ಅದರಲ್ಲಿ ಅದ್ದಿ ತೆಗೆದ ನೂಲು ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ಬೇಸರ ಬಾರದ ಆಟ ಅದು.

ಇಷ್ಟೆಲ್ಲ ಕಷ್ಟ ಯಾಕೆ, ಪೊಟ್ಟಣದ ಬಣ್ಣ ಸಿಗುತ್ತದಲ್ಲ ಎನ್ನುವವರಿಗೆ ಉತ್ತರ ತಮಿಳುನಾಡಿನ ನೊಯ್ಯಲ್ ನದಿಯಲ್ಲಿದೆ. ಕಾರ್ಖಾನೆಯಲ್ಲಿ ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ ನೂಲಿಗೆ ಹಿಡಿಯಬೇಕಾದರೆ ತೊಟ್ಟಿಗೆ ಮುಷ್ಟಿಗಟ್ಟಲೆ ಉಪ್ಪು ಸುರಿಯಬೇಕು. ಬಣ್ಣದ ಒಂದು ಭಾಗ ನೂಲಿಗೆ ಹಿಡಿಯದೆ ನೀರಲ್ಲೇ ಉಳಿಯುತ್ತದೆ, ಉಪ್ಪು ಪೂರ್ತಿಯಾಗಿ ಉಳಿಯುತ್ತದೆ. ಬಣ್ಣವನ್ನು ಹೇಗೋ ತಿಳಿಗೊಳಿಸಬಹುದು. ಕರಗಿದ ಉಪ್ಪನ್ನು ಬೇರ್ಪಡಿಸಲು ಪೊರೆಯ ಮೂಲಕ ಒತ್ತಿ ಸೋಸಬೇಕು, ಉಳಿದದ್ದನ್ನು ಕುದಿಸಿ ಇಂಗಿಸಬೇಕು. ದುಬಾರಿಯ ಕೆಲಸವಾದ್ದರಿಂದ ನೊಯ್ಯಲ್ ದಂಡೆಯ ಬನಿಯನ್ ಪಟ್ಟಣ ತಿರುಪ್ಪೂರಿನಲ್ಲಿ ವರ್ಷಗಟ್ಟಲೆ ಅದು ಸರಿಯಾಗಿ ಆಗಲಿಲ್ಲ. ನೊಯ್ಯಲ್‌ಗೆ ಅಡ್ಡಲಾಗಿ ಒರತ್ತುಪಾಳ್ಯಂನಲ್ಲಿ ನೀರಾವರಿಗೆಂದು ಕಟ್ಟಿದ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಅದರ ನೀರು ಬೇಡವೆಂದು ರೈತರೇ ಹೋರಾಡಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ನಾವು ಅಗ್ಗವೆಂದು ಕೊಂಡ ಬನಿಯನ್ನಿನ ಬೆಲೆಯಲ್ಲಿ ನೊಯ್ಯಲ್‌ನ ಲೆಕ್ಕ ಸೇರಿರಲಿಲ್ಲ. ಕೈಮಗ್ಗದ ಬಟ್ಟೆ ದುಬಾರಿ ಎಂದು ಮೂಗು ಮುರಿಯುವಾಗ ಇದು ನೆನಪಿಗೆ ಬರಬೇಕು. ಕೈಉತ್ಪನ್ನಗಳಿಗೆ ತೆರಿಗೆಯೇ ಬೇಡವೆಂದು 2017ರಲ್ಲಿ ಪ್ರಸನ್ನ ಉಪವಾಸ ಕೂತದ್ದರ ಹಿಂದೆಯೂ ಬೆಲೆಯ ಈ ಪೈಪೋಟಿಯಿತ್ತು.

ಹಾಗೆಂದು ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿದ ಕೂಡಲೆ ಹೊಳೆ ಬಚಾವಾಗುವುದಿಲ್ಲ. ಇದನ್ನು ಮಲೆನಾಡಿಗರಿಗೆ ಯಾರೂ ಕಲಿಸಬೇಕಿಲ್ಲ. ಕಾರೆಕಾಯಿ ಜಜ್ಜಿ ಹೊಳೆಗೆ ಹಾಕಿದರೆ ಮೀನು ಮತ್ತೇರಿ ತೇಲುತ್ತದೆಂದು ಅವರ ಅಜ್ಜಂದಿರಿಗೇ ಗೊತ್ತಿತ್ತು. ಚೊಗರು ಕೂಡ ಒಗರಿನ ರಾಶಿ. ಹಂಡೆಗಟ್ಟಲೆ ಒಂದೇ ಕಡೆ ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುತ್ತ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಬಣ್ಣ ಹಿಡಿಸುವ ದಲ್ಲಾಳಿಗಳಲ್ಲೂ ಒಳ್ಳೆಯವರು, ಕೆಟ್ಟವರು ಇದ್ದಾರೆ. ಪಟಿಕ ಸಾಧು, ಕ್ರೋಮಿಯಂ ಉಪ್ಪು ಸಾಧುವಲ್ಲ. ಮೈಲುತುತ್ತ ಬಳಸಿದರೆ ಛಾಯೆ ಸುಂದರವಾಗುತ್ತದೆ, ಆದರೆ ತಾಮ್ರ ಮೀನಿಗೆ ವಿಷ. (ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ಅದೇ ಮೈಲುತುತ್ತ. ಬಣ್ಣದ ಮನೆಯನ್ನು ಮಾತ್ರ ಪ್ರಶ್ನಿಸಿ ತೋಟವನ್ನು ಬಿಟ್ಟುಬಿಟ್ಟರೆ ನ್ಯಾಯವಾಗುವುದಿಲ್ಲ.) ಆದ್ದರಿಂದ ಬಣ್ಣ ಯಾವ ಗಿಡದ್ದು ಎಂದು ಕೇಳಿದರೆ ಸಾಲದು. ಏನು ಹಾಕಿ ಹಿಡಿಸಿದಿರಿ, ತೊಟ್ಟಿಯ ನೀರು ಎಲ್ಲಿ ಹೋಯಿತು ಎಂದೂ ಕೇಳಬೇಕು. ಯಾವ ಊರಿನ ಬಣ್ಣದ ಮನೆಗೆ ಹೋದರೂ ನಾನು ಮೊದಲು ನೋಡುವುದು ಹಿತ್ತಿಲ ಮೋರಿಯನ್ನು.

ಚರಕದಂಥ ಕಡೆ ಈ ಪ್ರಶ್ನೆಗೆ ತೂಕ ಬರುವುದು ಅಳತೆಯಿಂದ. ಕೆಲಸ ಕೈಯ ವೇಗದಲ್ಲಿ ನಡೆಯುವುದರಿಂದ ಒಂದು ದಿನಕ್ಕೆ ಅದ್ದಬಹುದಾದ ನೂಲಿಗೆ ಮಿತಿಯಿದೆ, ಹೊರಬರುವ ನೀರಿಗೂ ಮಿತಿಯಿದೆ. ಅದಕ್ಕಿಂತ ಮುಖ್ಯವಾದದ್ದು, ನೂಲು ಅದ್ದುವವಳು ಸಂಜೆ ಹೋಗುವುದು ಹತ್ತಿರದ ಹಳ್ಳಿಯ ತನ್ನ ಮನೆಗೆ. ಆ ಹಳ್ಳಿಗಳಿಗೆ ಕುಡಿಯಲು ಬಾವಿಯೋ ಗುಡ್ಡದಿಂದ ದಬ್ಬೆ ಕಟ್ಟಿ ತಂದ ಅಬ್ಬಿ ನೀರೋ ಆಧಾರ. ತಾನು ಕೆಡಿಸಿದ್ದನ್ನು ತಾನೇ ಸೇದಿ ಕುಡಿಯಬೇಕಾದ ಕಡೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸಿಗಾಗಿ ಯಾರೂ ಕಾಯುವುದಿಲ್ಲ. ತಿರುಪ್ಪೂರಿನ ಬನಿಯನ್ ತೊಡುವ ನ್ಯೂಯಾರ್ಕಿನವನಿಗೆ ಆ ಕಟ್ಟುಪಾಡು ಇರಲಿಲ್ಲ.

ಈ ಎಚ್ಚರ ಚರಕದೊಡನೆ ಊರಿಗೆ ಬಂದದ್ದೂ ಅಲ್ಲ. ಇದೇ ಸೀಮೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಅದೇ ಬಣ್ಣಗಳಲ್ಲಿ ಬುಟ್ಟಿ ಬರೆದು, ಹಚ್ಚಂಬಲಿ ತುಂಬಿಕೊಂಡು, ನಸುಕಿಗೇ ಗದ್ದೆಗೆ ಹೋಗಿ ಬಸುರಿ ಭೂಮಿಗೆ ಬಯಕೆ ಬಡಿಸುತ್ತಾರೆ. ಗೆರೆಗಳ ಲೆಕ್ಕಾಚಾರ ಗಣಿತದ ಮೇಷ್ಟರನ್ನೂ ತಬ್ಬಿಬ್ಬುಗೊಳಿಸುವಂಥದು. ಮಳೆಗೆ ತೊಳೆದುಹೋದರೆ ಗದ್ದೆಗೆ ಸೇರುವುದು ಮಣ್ಣು, ಅಕ್ಕಿ, ಇದ್ದಿಲು. ಈಚೆಗೆ ಮಾರಾಟದ ಚಿತ್ತಾರಗಳಿಗೆ ಅಂಗಡಿಯ ಬಣ್ಣವೂ ಬಂದಿದೆ. ಕೊಳ್ಳುವವರು ಕೇಳಿ ಕೊಂಡರೆ ಒಳ್ಳೆಯದು.

ಕೊಂಡ ಮೇಲಿನ ಕಥೆ ನಮ್ಮ ಬಚ್ಚಲಿನದು. ಚೊಗರಿನ ಜುಬ್ಬಾವನ್ನು ಖಾರದ ಡಿಟರ್ಜೆಂಟಿನಲ್ಲಿ ನೆನೆಹಾಕಿದರೆ ಬಣ್ಣ ಕೆಡುತ್ತದೆ. ಅಂಟುವಾಳದ ನೊರೆ ಸಾಕು, ನೆರಳಲ್ಲಿ ಒಣಗಿಸಬೇಕು. ಬಟ್ಟೆಯ ಬಾಳಿಕೆಗೆಂದು ಹೇಳುವ ಈ ಮಾತು ಕೆರೆಯ ಬಾಳಿಕೆಗೂ ಹೊಂದುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ರಸ್ತೆಗೆ ಹಾರಿಬರುತ್ತಿದ್ದ ನೊರೆಯಲ್ಲಿ ಕೊಳಚೆ ನೀರಿನ ಜೊತೆ ನಮ್ಮ ಒಗೆತದ ಸಾಬೂನೂ ಇತ್ತು. ಹೊಳೆ ಉಳಿಸಿ ತಯಾರಾದ ಬಟ್ಟೆಯನ್ನು ಕೆರೆ ಕೆಡಿಸಿ ಒಗೆಯುವುದು ನಗರದ ಒಂದು ವಿಶೇಷ ಪ್ರತಿಭೆ.

ಕೋವಿಡ್ ಕಾಲದಲ್ಲಿ ಮಾರಾಟ ನಿಂತು ಚರಕ ತೀರಾ ಇಕ್ಕಟ್ಟಿಗೆ ಸಿಕ್ಕಿತ್ತು. ಸಹಕಾರ ಸಂಘಗಳು ಮೆಚ್ಚುಗೆಯಿಂದ ಬದುಕುವುದಿಲ್ಲ, ಕೊಳ್ಳುವವರಿಂದ ಬದುಕುತ್ತವೆ. ನೋಡಲು ಹೋಗುವವರಿಗೆ ದಾರಿ ಸುಲಭ: ಸಾಗರ ಜಂಬಗಾರು ನಿಲ್ದಾಣದಲ್ಲಿ ರೈಲಿಳಿದು ಹೆಗ್ಗೋಡಿನ ಬಸ್ಸು ಹಿಡಿಯಬೇಕು, ಅಲ್ಲಿಂದ ಭೀಮನಕೋಣೆ ಹತ್ತಿರ. ಅಕ್ಟೋಬರಿನಲ್ಲಿ ಹೋದರೆ ನೀನಾಸಮ್‌ನ ನಾಟಕಗಳೂ ಸಿಗಬಹುದು. ಚೊಗರು ಕುದಿಯುವುದನ್ನೇ ನೋಡಬೇಕೆಂದಿದ್ದರೆ ದೀಪಾವಳಿ ಕಳೆದ ಮೇಲೆ ಹೋಗಿ. ಆಗ ಅಡಿಕೆ ಸುಲಿತದ ಭರಾಟೆ; ಯಾರ ಮನೆಯ ಅಂಗಳಕ್ಕೆ ಹೋದರೂ ಹಂಡೆ ಒಲೆಯ ಮೇಲಿರುತ್ತದೆ. ಬಿಳಿ ಬಟ್ಟೆ ತೊಟ್ಟು ಹತ್ತಿರ ಹೋಗಬೇಡಿ.