ಬಾಗಿಲು ಹಾಕಿದ್ದು ಪ್ರೇಕ್ಷಕರಲ್ಲ

ಮಹಿಳಾ ಫುಟ್‌ಬಾಲ್‌ಗೆ ಜನ ಮುಗಿಬೀಳುವುದು ತೀರಾ ಈಚಿನ ಬೆಳವಣಿಗೆ ಎಂಬ ಮಾತು ಚಾಲ್ತಿಯಲ್ಲಿದೆ. 2022ರ ಯೂರೊ ಫೈನಲ್‌ಗೆ ಲಂಡನ್ನಿನ ವೆಂಬ್ಲಿಯಲ್ಲಿ 87,192 ಮಂದಿ ಸೇರಿದ್ದರಲ್ಲ, ಅದನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಅದೇ ಇಂಗ್ಲೆಂಡಿನಲ್ಲಿ, 1920ರ ಕ್ರಿಸ್‌ಮಸ್ ರಜೆಯಲ್ಲಿ, ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ತಂಡ ಸೇಂಟ್ ಹೆಲೆನ್ಸ್ ವಿರುದ್ಧ ಆಡಿದಾಗ ಸುಮಾರು 53,000 ಜನ ಒಳಗಿದ್ದರು. ಜಾಗ ಸಿಗದೆ ಗೇಟಿನ ಹೊರಗೇ ಉಳಿದವರೂ ಸಾವಿರಾರು. ಡಿಕ್ ಕೆರ್ ಪರ ಆಡಿದವರು ಪ್ರೆಸ್ಟನ್ನಿನ ಕಾರ್ಖಾನೆಯ ಕಾರ್ಮಿಕ ಹೆಂಗಸರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮದ್ದುಗುಂಡು ತಯಾರಾಗುತ್ತಿತ್ತು. ಟಿಕೆಟ್ಟಿನ ಹಣ ಯುದ್ಧದಿಂದ ಮರಳಿದ ಸೈನಿಕರ ನೆರವಿಗೆ ಹೋಯಿತು.

ಯುದ್ಧದಿಂದಾಗಿ ಗಂಡಸರ ಆಟ ನಿಂತಿತ್ತು, ಬೇರೆ ಗತಿಯಿಲ್ಲದೆ ಜನ ಇದನ್ನು ನೋಡಲು ಬಂದರು ಎಂದು ವಾದಿಸುವವರಿದ್ದಾರೆ. ಗಂಡಸರ ಲೀಗ್ 1919ರಲ್ಲೇ ಮತ್ತೆ ಶುರುವಾಗಿತ್ತು. ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಹಾಗಾದರೆ ಆ ಜನ ಎಲ್ಲಿ ಹೋದರು? 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಅಭಿಪ್ರಾಯಪಟ್ಟು, ತನ್ನ ಸದಸ್ಯ ಕ್ಲಬ್‌ಗಳು ಅವರಿಗೆ ಮೈದಾನ ಕೊಡಬಾರದೆಂದು ತೀರ್ಮಾನಿಸಿತು. ಸಂಗ್ರಹವಾದ ಹಣ ಧರ್ಮಕಾರ್ಯಕ್ಕೆ ಸರಿಯಾಗಿ ಮುಟ್ಟುತ್ತಿಲ್ಲ ಎಂಬ ಆಕ್ಷೇಪವನ್ನೂ ಜೊತೆಗೆ ಸೇರಿಸಿತು. ಆಟವಾಡುವುದನ್ನೇ ಅದು ನಿಷೇಧಿಸಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಗ್ಯಾಲರಿ, ಟಿಕೆಟ್ ಕೌಂಟರ್ ಇರುವ ಮೈದಾನ ತಪ್ಪಿದರೆ ಉಳಿಯುವುದು ಪಾರ್ಕಿನ ಹುಲ್ಲು, ದಾರಿಹೋಕರ ಗುಂಪು. ಸುಮಾರು ಐವತ್ತು ವರ್ಷ ಇದೇ ಸ್ಥಿತಿ. ಬ್ರೆಜಿಲ್ಲಿನಲ್ಲಿ 1941ರಿಂದ, ಪಶ್ಚಿಮ ಜರ್ಮನಿಯಲ್ಲಿ 1955ರಿಂದ ಇಂಥವೇ ನಿರ್ಬಂಧಗಳು ಬಂದವು. ಮಾರುಕಟ್ಟೆಯೇ ಹೆಂಗಸರ ಆಟವನ್ನು ತಿರಸ್ಕರಿಸಿತು ಎನ್ನುವವರು ಈ ಅವಧಿಯನ್ನು ಜಾಣತನದಿಂದ ಹಾರಿಬಿಡುತ್ತಾರೆ.

ಆಟದ ಮಟ್ಟ ಕಡಿಮೆ, ವೇಗ ಕಡಿಮೆ ಎಂಬುದು ಇನ್ನೊಂದು ಆಕ್ಷೇಪ. ವೇಗದ ಮಾತು ನಿಜವೇ. ಆದರೆ ಜನ ವೇಗಕ್ಕಾಗಿಯೇ ಫುಟ್‌ಬಾಲ್ ನೋಡುವುದಾದರೆ ಎರಡನೇ, ಮೂರನೇ ದರ್ಜೆಯ ಪುರುಷರ ಲೀಗ್‌ಗಳಿಗೆ ಪ್ರತಿ ಶನಿವಾರ ಅಷ್ಟೊಂದು ಮಂದಿ ಯಾಕೆ ಹೋಗುತ್ತಾರೆ? ಹಣದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇಂಗ್ಲೆಂಡಿನ ಮಹಿಳಾ ತಂಡಗಳಲ್ಲಿ ಹೆಚ್ಚಿನವು ಇಂದಿಗೂ ಪುರುಷರ ಕ್ಲಬ್ಬಿನ ದುಡ್ಡಿನಲ್ಲೇ ನಡೆಯುತ್ತವೆ, ಟಿಕೆಟ್ ದರವೂ ಅಗ್ಗ. ಒಪ್ಪಬೇಕಾದ್ದೇ. ಆದರೆ ಪುರುಷರ ಕ್ಲಬ್‌ಗಳಲ್ಲೂ ನಷ್ಟದಲ್ಲಿರುವವು ಬೇಕಾದಷ್ಟಿವೆ. ಆ ಕಾರಣಕ್ಕೆ ಅವರ ಆಟಕ್ಕೆ ಆಕರ್ಷಣೆಯಿಲ್ಲ ಎಂದು ಯಾರೂ ತೀರ್ಪು ಕೊಡುವುದಿಲ್ಲ.

ಮೈದಾನ ಎಷ್ಟರಮಟ್ಟಿಗೆ ಲೆಕ್ಕ ಬದಲಿಸುತ್ತದೆ ಎಂಬುದಕ್ಕೆ ಆರ್ಸೆನಲ್ ಸಾಕ್ಷಿ. ಅದರ ಮಹಿಳಾ ತಂಡ ವರ್ಷಗಟ್ಟಲೆ ಬೋರಮ್‌ವುಡ್‌ನಲ್ಲಿ, ನಾಲ್ಕೂವರೆ ಸಾವಿರ ಜನ ಹಿಡಿಸುವ ಪುಟ್ಟ ಮೈದಾನದಲ್ಲಿ ಆಡುತ್ತಿತ್ತು. 2024ರ ಫೆಬ್ರವರಿಯಲ್ಲಿ ಅದೇ ತಂಡ ಎಮಿರೇಟ್ಸ್ ಸ್ಟೇಡಿಯಂನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಆಡಿದಾಗ ಬಂದವರು 60,160. ಚೆಲ್ಸಿಯಾದ ಕಥೆ ಬೇರೆ. 2020ರಿಂದ 2025ರವರೆಗೆ ಸತತ ಆರು ಬಾರಿ ಲೀಗ್ ಗೆದ್ದ ಈ ತಂಡ ತವರಿನ ಬಹುಪಾಲು ಪಂದ್ಯಗಳನ್ನು ಆಡಿದ್ದು ಕಿಂಗ್ಸ್‌ಮೆಡೋದಲ್ಲಿ. ಅಲ್ಲಿ ಒಂದು ಸೀಟೂ ಖಾಲಿ ಉಳಿಯದಿದ್ದರೂ ಲೆಕ್ಕ ಐದು ಸಾವಿರ ಮುಟ್ಟುವುದಿಲ್ಲ.