ಎತ್ತಾಕ್ಕೊಂಡು ಹೋದ್ರೋ, ಓಡಿ ಹೋದ್ಲೋ?

ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಹೊರಟ ಮಾತು ಕೊಟ್ಟಿಗೆಹಾರ ದಾಟಿ ಕಳಸ ಮುಟ್ಟುವಷ್ಟರಲ್ಲಿ ಬಣ್ಣ ಬದಲಾಯಿಸಿರುತ್ತದೆ. ಇಲ್ಲಿ ‘ಹುಡ್ಗಿ ಕಾಣ್ತಿಲ್ವಂತೆ’ ಎಂದದ್ದು ಅಲ್ಲಿ ‘ಎತ್ತಾಕ್ಕೊಂಡು ಹೋದ್ರಂತೆ’! ಟೀ ಅಂಗಡಿಯಲ್ಲಿ ‘ಓಡಿಸ್ಕೊಂಡು ಹೋದ’, ಪತ್ರಿಕೆಯಲ್ಲಿ ‘ಅಪಹರಣ’, ಠಾಣೆಯಲ್ಲಿ ‘ಕಿಡ್ನಾಪ್’. ಘಟನೆ ಒಂದೇ. ಆದರೆ ಎಫ್‌ಐಆರ್‌ನಲ್ಲಿ ಬೀಳುವ ಪದದ ಮೇಲೆ ಒಬ್ಬನ ಏಳು ವರ್ಷ ನಿಂತಿರುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ ಪ್ರಕಾರ 18 ತುಂಬದವರನ್ನು ಪೋಷಕರ ಒಪ್ಪಿಗೆಯಿಲ್ಲದೆ ಕರೆದೊಯ್ದರೆ ಕಿಡ್ನಾಪ್. (ಹಳೇ ಕಾನೂನಿನಲ್ಲಿ ಹುಡುಗರಿಗೆ 16 ಇತ್ತು.) ‘ನಾನೇ ಒಪ್ಪಿ ಹೋದೆ’ ಎಂಬ ಮಾತು ಲೆಕ್ಕಕ್ಕಿಲ್ಲ. ಆದರೂ, ಪ್ರಾಯಕ್ಕೆ ಹತ್ತಿರವಾದ, ತಿಳಿವಳಿಕೆಯುಳ್ಳ ಹುಡುಗಿ ಯಾರ ಪುಸಲಾವಣೆಯೂ ಇಲ್ಲದೆ ತಾನಾಗಿ ಮನೆ ಬಿಟ್ಟು ಬಂದರೆ, ಜತೆಗಿದ್ದ ಮಾತ್ರಕ್ಕೆ ಹುಡುಗ ‘ಕರೆದೊಯ್ದ’ ಎನ್ನಲಾಗದೆಂದು ಸುಪ್ರೀಂ ಕೋರ್ಟ್ 1964ರಲ್ಲೇ ವರದರಾಜನ್ ಪ್ರಕರಣದಲ್ಲಿ ಹೇಳಿದೆ. 18 ದಾಟಿದವರ ಸಂಗತಿಯೇ ಬೇರೆ: ಬಲಾತ್ಕಾರವೋ ಮೋಸವೋ ಇರಲೇಬೇಕು, ಅದು 138ನೇ ಕಲಂ. ದುಡ್ಡಿಗಾಗಿ ಒತ್ತೆ ಇಟ್ಟು ಜೀವಬೆದರಿಕೆ ಹಾಕಿದರೆ ಜೀವಾವಧಿ, ಇಲ್ಲವೇ ಗಲ್ಲು. ಪತ್ರಿಕೆಗಳು ಮಾತ್ರ ಎಲ್ಲಕ್ಕೂ ‘ಅಪಹರಣ’ ಎಂದು ಒಂದೇ ಮೊಳೆ ಹೊಡೆಯುತ್ತವೆ.

2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಒಯ್ದಾಗ ಪದದ ಜಗಳವೇ ಇರಲಿಲ್ಲ. 108 ದಿನ ಇಡೀ ನಾಡಿಗೆ ಒಂದೇ ಸುದ್ದಿ. ಚಿಕ್ಕಮಗಳೂರಿಗೆ ಅದೇ ಪದ ಕಹಿಯಾದದ್ದು 2016ರಲ್ಲಿ. ಅಪಹರಣ, ಸುಲಿಗೆ ಪ್ರಕರಣವೊಂದರಲ್ಲಿ ಡಿವೈಎಸ್ಪಿ ಕಲ್ಲಪ್ಪ ಹಂಡಿಬಾಗ್ ಹೆಸರು ಬಂತು. ಕೋರ್ಟು ತೀರ್ಪು ಹೇಳುವ ಮೊದಲೇ, ಜುಲೈ 5ರಂದು, ಅವರು ಆತ್ಮಹತ್ಯೆ ಮಾಡಿಕೊಂಡರು.

ಇನ್ನು ‘ಕಿಡ್ನಾಪ್’ ಎಂಬ ಇಂಗ್ಲಿಷ್ ಪದದ ಹುಟ್ಟು ಕೇಳಿದರೆ ಕಾಫಿ ಸೀಮೆಯವರು ಹುಬ್ಬೇರಿಸಬೇಕು. ‘ಕಿಡ್’ ಅಂದ್ರೆ ಮಗು, ‘ನ್ಯಾಪ್’ ಅಂದ್ರೆ ಕಸಿಯುವುದು. 17ನೇ ಶತಮಾನದಲ್ಲಿ ಮಕ್ಕಳನ್ನೂ ಆಳುಗಳನ್ನೂ ಕದ್ದು ಅಮೆರಿಕದ ತೋಟಗಳ ದುಡಿಮೆಗೆ ಹಡಗು ಹತ್ತಿಸುತ್ತಿದ್ದವರಿಗೆ ಅಂಟಿದ ಹೆಸರದು. ತೋಟದ ಕೂಲಿಯಿಂದಲೇ ಹುಟ್ಟಿದ ಪದ!

ಕೊಯ್ಲಿನ ಹೊತ್ತಿಗೆ ಎಲ್ಲಿಂದಲೋ ಬಂದು ಲೈನ್ ಮನೆಯಲ್ಲಿ ಇಳಿಯುವ ಸಂಸಾರದ ಮಗು ಕಾಣೆಯಾದರೆ ಯಾವ ಪದವೂ ಸಿಗುವುದಿಲ್ಲ. ‘ನೆಂಟ್ರ ಮನೇಲಿ ನೋಡ್ರಿ’ ಎಂದರೆ ಬಡಪಾಯಿ ವಾಪಸ್ ಹೊರಟೇ ಬಿಡುತ್ತಾನೆ. ಹೊರಡಬೇಕಿಲ್ಲ. ಮಗು ಕಾಣೆ ಎಂದು ದೂರು ಬಂದರೆ ಅಪಹರಣವೆಂದೇ ಭಾವಿಸಿ ಎಫ್‌ಐಆರ್ ಹಾಕಬೇಕೆಂದು 2013ರ ಮೇ 10ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಮಕ್ಕಳ ಸಹಾಯವಾಣಿ 1098. ಅಂಗಡಿ ಫೋನಿನಿಂದಲೂ ಮಾಡಬಹುದು, ಕಾಸಿಲ್ಲ.